ಸೈಟು ಎತ್ತರಿಸಿದರೆ ನೀರು ಎಲ್ಲಿಗೆ ಹೋದೀತು?

ಬೆಂಗಳೂರಿನ ಹೊರವಲಯದಲ್ಲಿ ಸೈಟು ತೋರಿಸುವ ದಲ್ಲಾಳಿಗಳ ಬಾಯಲ್ಲಿ ಒಂದು ರಾಮಬಾಣ ಸದಾ ಸಿದ್ಧ: ‘ಸ್ವಲ್ಪ ತಗ್ಗು ಅಷ್ಟೇ ಸಾರ್, ಮಣ್ಣು ಹೊಡೆಸಿ ಎರಡಡಿ ಏರಿಸ್ಕೊಂಡ್ರೆ ಆಯ್ತು.’ ಕೊಳ್ಳುವವರು ತಲೆಯಾಡಿಸುತ್ತಾರೆ, ಮೇಸ್ತ್ರಿಯೂ ಹೂಂ ಅನ್ನುತ್ತಾನೆ. ಓದಿಕೊಂಡವರು, ದಿನವಿಡೀ ಕಂಪ್ಯೂಟರಿನ ಮುಂದೆ ಲೆಕ್ಕ ಮಾಡುವವರು ಕೂಡ ಇದೊಂದು ಲೆಕ್ಕ ಮಾತ್ರ ಮಾಡುವುದಿಲ್ಲ.

ಒಂದು ಎಕರೆ ತಗ್ಗಿನಲ್ಲಿ ಎರಡಡಿ ನೀರು ನಿಂತರೆ ಅದು ಸುಮಾರು 24.7 ಲಕ್ಷ ಲೀಟರ್. ಬೇಸಿಗೆಯಲ್ಲಿ ಇದೇ ಜನ ಕಾದು ಕೂರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಾನೂರಕ್ಕೂ ಹೆಚ್ಚು ಲೋಡು. ಆ ಎಕರೆಗೆ ಮಣ್ಣು ತುಂಬಿದರೆ ಅಷ್ಟೂ ನೀರು ಪಕ್ಕದ ಲೇಔಟಿಗೆ ನುಗ್ಗುತ್ತದೆ. ಮರುವರ್ಷ ಪಕ್ಕದವರು ಮೂರಡಿ ಏರಿಸುತ್ತಾರೆ. ಅಷ್ಟರಲ್ಲಿ ರಸ್ತೆಗೂ ಇನ್ನೊಂದು ಪದರ ಡಾಂಬರು ಬಿದ್ದಿರುತ್ತದೆ. ಎಲ್ಲರಿಗಿಂತ ಮೊದಲು ಮನೆ ಕಟ್ಟಿದವರ ಹೊಸ್ತಿಲು ಈಗ ಬೀದಿಗಿಂತ ಕೆಳಗೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಊರಿದು. ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಕೋರಮಂಗಲ ಕಣಿವೆಯಲ್ಲಿ 1900ರ ದಶಕದ ಆರಂಭದಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆ 2016–17ರ ಹೊತ್ತಿಗೆ 63 ಕಿ.ಮೀ.ಗೆ ಇಳಿದಿತ್ತು ಎಂದು 2021ರ ಸಿಎಜಿ ವರದಿ ಹೇಳಿತ್ತು. ಮರುವರ್ಷದ ಸೆಪ್ಟೆಂಬರ್ 4–5ರಂದು ನಗರದಲ್ಲಿ 24 ಗಂಟೆಗಳಲ್ಲಿ 131.6 ಮಿ.ಮೀ. ಮಳೆ ಸುರಿಯಿತು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದರು. ದೂರೆಲ್ಲ ಮಳೆಯ ಮೇಲೆ!

ಉಳಿದ ನಂಬಿಕೆಗಳೂ ಇದೇ ಜಾತಿಯವು.

‘ಒಣಗಿದ ರಾಜಕಾಲುವೆ ಸತ್ತ ಕಾಲುವೆ.’ ಮಳೆನೀರಿನ ಕಾಲುವೆ ಮಳೆ ಇಲ್ಲದಾಗ ಒಣಗದೆ ಇನ್ನೇನಾದೀತು? 2015ರ ಪರಿಷ್ಕೃತ ಮಹಾಯೋಜನೆ ಅದರ ಮಧ್ಯಭಾಗದಿಂದ ದರ್ಜೆಗನುಗುಣವಾಗಿ 50, 25, 15 ಮೀಟರ್ ಜಾಗ ಬಿಡಿಸಿದ್ದು ಇದಕ್ಕೇ.

‘ತಾರಸಿ ನೀರನ್ನು ಯುಜಿಡಿಗೆ ಬಿಟ್ಟರಾಯಿತು.’ ಒಳಚರಂಡಿಯ ಕೊಳವೆಯ ಅಳತೆ ಇರುವುದು ಕೊಳಚೆಗೆ. ಜೋರುಮಳೆಯಲ್ಲಿ ತಗ್ಗಿನ ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಹಾರುವುದು ಹೀಗೆ.

‘ಥರ್ಟಿ ಫಾರ್ಟಿ ಸೈಟಿಗೆ ಮಳೆಕೊಯ್ಲು ಯಾಕೆ?’ ಅಷ್ಟು ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ 11,000 ಲೀಟರ್ ನೀರು. 1,200 ಚದರಡಿ ನಿವೇಶನದ ಹೊಸ ಮನೆಗೂ ಜಲಮಂಡಳಿ ಇದನ್ನು ಕಡ್ಡಾಯ ಮಾಡಿದ್ದು 2009ರಲ್ಲಿ.

‘ಪ್ಲಾನ್ ಪಾಸಾಗಿದೆ, ಇನ್ನೇನು ಭಯ?’ ಇಳಿಜಾರು ಮೊಹರಿಗೆ ಮಣಿಯುವುದಿಲ್ಲ.

ಇಷ್ಟಾದರೂ ನೆಲದ ಏರುತಗ್ಗು ಇವರಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ನೈಋತ್ಯ ಎತ್ತರವಿರಬೇಕು, ಈಶಾನ್ಯ ತಗ್ಗಿರಬೇಕು ಎಂದು ವಾಸ್ತುಪಂಡಿತರು ಅಂದರೆ ಸಾಕು, ಗೇಟು ಕಿತ್ತು ಬೇರೆ ಕಡೆ ಇಡುವವರಿದ್ದಾರೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯತ್ತ ಹರಿಯುವುದು ನೈಋತ್ಯಕ್ಕೇ. ಅಲ್ಲಿ ಆ ಮೂಲೆಗೆ ಮಣ್ಣು ಪೇರಿಸಿದರೆ ನೀರಿನ ದಾರಿಗೆ ಶಾಸ್ತ್ರೋಕ್ತವಾಗಿ ಕಟ್ಟೆ ಕಟ್ಟಿದಂತಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಾಸ್ತುಸಲಹೆಗೆ ಸಿಗುವ ಮರ್ಯಾದೆಯ ಕಾಲುಭಾಗವೂ ಗ್ರಾಮನಕ್ಷೆಗೆ ಸಿಗುವುದಿಲ್ಲ. ಹಳ್ಳ, ಕೆರೆಗಳನ್ನೆಲ್ಲ ಗೆರೆ ಎಳೆದು ತೋರಿಸುವ ಆ ನಕ್ಷೆ ಭೂಮಾಪನ ಇಲಾಖೆಯ ಜಾಲತಾಣದಲ್ಲಿದೆ. ಸೈಟಿನ ಮೇಲೆ ನಿಂತು ಸರ್ವೆ ನಂಬರು ನೋಡಲು ‘ದಿಶಾಂಕ್’ ಆ್ಯಪ್ ಪುಕ್ಕಟೆ. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಅದನ್ನು ತೆರೆಯುವವರು ಎಷ್ಟು ಮಂದಿ? ದಲ್ಲಾಳಿಗಳಂತೂ ಆ ವಿಷಯದಲ್ಲಿ ನಿಶ್ಚಿಂತರು.