ಹಡಗಿನ ಕರಪತ್ರದ ಕಣ್ತಪ್ಪುಗಳು: ನಂಬುವ ಮುನ್ನ ಓದುವ ಬಗೆ

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಈ ಸಂಚಾರ 2022ರ ನವೆಂಬರ್‌ನಲ್ಲಿ ‘ಯುರೋಪ 2’ ಹಡಗಿನ ಆಗಮನದೊಂದಿಗೆ ಮತ್ತೆ ಶುರುವಾಯಿತು. ಬೆಳಗ್ಗೆ ಬಂದಿಳಿಯುವ ಪ್ರಯಾಣಿಕರು ಸಂತ ಅಲೋಶಿಯಸ್ ಚಾಪೆಲ್, ಕದ್ರಿ, ಕುದ್ರೋಳಿ, ಮೂಡಬಿದಿರೆ, ಕಾರ್ಕಳ ಎಂದು ಸುತ್ತಾಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಅವರ ಕೈಯಲ್ಲಿ ನಮ್ಮ ಊರನ್ನು ಪರಿಚಯಿಸುವ ಒಂದು ಕರಪತ್ರ ಇದ್ದೇ ಇರುತ್ತದೆ.

ಇದು ಒಂದು ಮುಖವಾದರೆ ಇನ್ನೊಂದು ಮುಖವೂ ಇದೆ. ಮದುವೆಯ ಬೆಳ್ಳಿಹಬ್ಬಕ್ಕೆಂದೋ ರೋಮ್ ನೋಡುವ ಆಸೆಯಿಂದಲೋ ಹಡಗು ಪ್ರವಾಸಕ್ಕೆ ಹಣ ಕಟ್ಟುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ಹಡಗಿನ ಅಡುಗೆಮನೆ, ಹೋಟೆಲ್ ವಿಭಾಗಗಳಲ್ಲಿ ದುಡಿಯುವ ಯುವಕರು ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಪ್ರವಾಸಿಗೆ ಕರಪತ್ರ, ಕುಟುಂಬಕ್ಕೆ ಜಾಹೀರಾತು, ಉದ್ಯೋಗಾರ್ಥಿಗೆ ನೇಮಕಾತಿ ಪತ್ರ: ಮೂವರೂ ನಂಬುವುದು ಅಚ್ಚಾದ ಕಾಗದವನ್ನೇ. ಅದರಲ್ಲಿರುವ ಸಣ್ಣ ಕಣ್ತಪ್ಪು ಎಷ್ಟು ದೊಡ್ಡ ನಷ್ಟ ತರಬಲ್ಲದು, ಅದನ್ನು ಹಿಡಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ತಪ್ಪು ಎಲ್ಲಿಂದ ಬರುತ್ತದೆ?

ಹಡಗಿನ ಪುಸ್ತಿಕೆಯನ್ನು ಬರೆಯುವವರು ಸಾಮಾನ್ಯವಾಗಿ ನಮ್ಮ ಊರನ್ನು ಕಂಡವರಲ್ಲ. ಎಲ್ಲೋ ದೂರದ ಕಚೇರಿಯಲ್ಲಿ ಕುಳಿತು ಹತ್ತಾರು ಬಂದರುಗಳ ಬಗ್ಗೆ ಒಟ್ಟಿಗೆ ಬರೆಯಬೇಕಾಗುತ್ತದೆ. ಹೋದ ವರ್ಷದ ಪುಟವನ್ನೇ ತೆಗೆದುಕೊಂಡು ತಾರೀಕು ಬದಲಿಸುತ್ತಾರೆ, ವಾರ ಬದಲಿಸಲು ಮರೆಯುತ್ತಾರೆ. ಚಿತ್ರವನ್ನು ಮತ್ತೊಬ್ಬರು ಆರಿಸುತ್ತಾರೆ. ಕೊಚ್ಚಿಯ ಪುಟದಲ್ಲಿದ್ದ ಒಂದು ಸಾಲು ಮಂಗಳೂರಿನ ಪುಟದಲ್ಲಿ ಉಳಿದುಬಿಡುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿದಾಗ ತಪ್ಪಿಗೂ ಸಾಕ್ಷಿಗಳು ಹೆಚ್ಚುತ್ತವೆ! ಇದರಲ್ಲಿ ದುರುದ್ದೇಶವಿಲ್ಲ, ಅವಸರವಿದೆ. ಅವಸರದ ತಪ್ಪುಗಳು ಬರುವುದು ಮಾತ್ರ ಹೆಚ್ಚಾಗಿ ಅವೇ ಅವೇ ಜಾಗಗಳಲ್ಲಿ. ಆ ಜಾಗಗಳನ್ನು ತಿಳಿದವರಿಗೆ ತಪ್ಪು ಸಿಗುವುದು ಕಷ್ಟವಲ್ಲ.

1. ವಾರವೂ ತಾರೀಕೂ ಹೊಂದುತ್ತವೆಯೇ?

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಇದು. 2026ರ ಡಿಸೆಂಬರ್ 25 ಶುಕ್ರವಾರ. ಕರಪತ್ರದಲ್ಲಿ ಅದು ಗುರುವಾರ ಎಂದಿದ್ದರೆ ಅದು 2025ರ ಹಾಳೆ ಎಂದು ಊಹಿಸಬಹುದು. ಆಗ ವಾರ ಒಂದೇ ಅಲ್ಲ, ದರ, ಹೊರಡುವ ವೇಳೆ, ಬಂದರುಗಳ ಸರದಿ ಎಲ್ಲವನ್ನೂ ಮತ್ತೊಮ್ಮೆ ಕೇಳಬೇಕು. ರಾತ್ರಿಗಳ ಲೆಕ್ಕವನ್ನೂ ಬೆರಳಲ್ಲಿ ಎಣಿಸಿ ನೋಡಬೇಕು. 5ರಂದು ಹೊರಟು 12ರಂದು ಮರಳಿದರೆ ಏಳು ರಾತ್ರಿಗಳೇ ಹೊರತು ಎಂಟಲ್ಲ.

ರೋಮ್ ಪ್ರವಾಸಕ್ಕೆ ಹೋಗುವವರಿಗೆ ವಾರ ಇನ್ನೂ ಮುಖ್ಯ. ಪೋಪರ ಸಾರ್ವಜನಿಕ ದರ್ಶನ ಸಾಮಾನ್ಯವಾಗಿ ಬುಧವಾರ. ವ್ಯಾಟಿಕನ್ ವಸ್ತುಸಂಗ್ರಹಾಲಯ ತಿಂಗಳ ಕೊನೆಯ ಭಾನುವಾರದ ಹೊರತು ಬೇರೆ ಭಾನುವಾರಗಳಂದು ಮುಚ್ಚಿರುತ್ತದೆ. ಹಡಗು ಗುರುವಾರ ತಲಪುವಾಗ ‘ಪೋಪರ ದರ್ಶನ’ ಎಂದು ಅಚ್ಚಾಗಿದ್ದರೆ ಹಣ ಕಟ್ಟುವ ಮೊದಲೇ ವಿವರಣೆ ಕೇಳಬೇಕು.

ಇದೇ ಪರೀಕ್ಷೆ ನಮ್ಮ ಸ್ವಂತ ಇತಿಹಾಸಕ್ಕೂ ಬೇಕಾಗುತ್ತದೆ. ಮಂಗಳೂರನ್ನು ಪರಿಚಯಿಸುವ ಪ್ರವಾಸಿ ಬರಹಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಸಿಗುತ್ತದೆ: ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನ್ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು 1784ರ ಫೆಬ್ರವರಿ 24, ವಿಭೂತಿ ಬುಧವಾರದಂದು ಎಂದು. ಲೆಕ್ಕ ಹಾಕಿ ನೋಡೋಣ. 1784ರಲ್ಲಿ ಈಸ್ಟರ್ ಹಬ್ಬ ಬಂದದ್ದು ಏಪ್ರಿಲ್ 11ರಂದು. ವಿಭೂತಿ ಬುಧವಾರ ಈಸ್ಟರ್‌ಗೆ 46 ದಿನ ಮೊದಲು ಬರುತ್ತದೆ. ಏಪ್ರಿಲ್ 11ರಿಂದ 11 ದಿನ ಹಿಂದೆ ಹೋದರೆ ಮಾರ್ಚ್ 31, ಅಲ್ಲಿಂದ 31 ದಿನ ಹಿಂದೆ ಹೋದರೆ ಫೆಬ್ರವರಿ 29, ಏಕೆಂದರೆ ಅದು ಅಧಿಕ ವರ್ಷ. ಇನ್ನು ನಾಲ್ಕು ದಿನ ಹಿಂದಕ್ಕೆ ಹೋದರೆ ಫೆಬ್ರವರಿ 25. ಅಂದರೆ ಆ ವರ್ಷದ ವಿಭೂತಿ ಬುಧವಾರ ಫೆಬ್ರವರಿ 25. ಫೆಬ್ರವರಿ 24 ಮಂಗಳವಾರ. ಇವೆರಡೂ ಒಂದೇ ವಾಕ್ಯದಲ್ಲಿ ಒಟ್ಟಿಗೆ ನಿಲ್ಲಲಾರವು.

ಇದರಿಂದ ಸೆರೆಯ ನೋವು ಸುಳ್ಳಾಗುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗುವವರೆಗೆ ಹದಿನೈದು ವರ್ಷ ನಮ್ಮ ಹಿರಿಯರು ಅನುಭವಿಸಿದ್ದು ಇತಿಹಾಸವೇ. ಆದರೆ ಆ ನೋವನ್ನು ಅಲ್ಲಗಳೆಯಬೇಕೆನ್ನುವವನಿಗೆ ಹೊಂದದ ಒಂದು ತಾರೀಕು ಸಾಕು. ‘ದಿನವೇ ಸರಿಯಿಲ್ಲ, ಉಳಿದದ್ದನ್ನು ಹೇಗೆ ನಂಬುವುದು?’ ಎಂದು ಕೇಳಲು ಅವಕಾಶ ಸಿಕ್ಕಿಬಿಡುತ್ತದೆ. ಸ್ಮರಣ ಸಂಚಿಕೆ ತರುವವರು, ಚರ್ಚ್‌ನ ಮುಂದೆ ಫಲಕ ಹಾಕುವವರು ಈ ಜೋಡಿಯನ್ನು ಹಾಗೆಯೇ ನಕಲು ಮಾಡದಿರುವುದು ಒಳಿತು.

2. ಊರಿನ ಹೆಸರು, ಜಿಲ್ಲೆಯ ಹೆಸರು

ಕನ್ನಡದ ಊರ ಹೆಸರುಗಳು ಇಂಗ್ಲಿಷ್ ಅಕ್ಷರಕ್ಕೆ ಹೋಗಿ ಬರುವಾಗ ಸೊರಗುತ್ತವೆ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಬಿಂಡಿಗನವಿಲೆಯನ್ನೇ ನೋಡಿ. ಬರೆಯುವವರ ಕೈಯಲ್ಲಿ ಅದು ಬಿಂಡಿಗನವಲೆ, ಬಿಂದಿಗನವಿಲೆ, ಬಿಂಡಿಗಾನವಿಲ್ಲೆ ಎಂದೆಲ್ಲ ಆಗಬಲ್ಲದು. ಒಂದೇ ಹಾಳೆಯಲ್ಲಿ ಎರಡು ಬಗೆ ಕಂಡರೆ ಓದುವವರು ಎರಡು ಊರೆಂದೇ ತಿಳಿಯುತ್ತಾರೆ.

ಮೊದಲಕ್ಷರಗಳು ಇನ್ನೂ ಅಪಾಯಕಾರಿ. ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯಲ್ಲಿದೆ, ಕೆ.ಆರ್. ನಗರ ಮೈಸೂರು ಜಿಲ್ಲೆಯಲ್ಲಿದೆ, ಕೆ.ಆರ್. ಪುರ ಬೆಂಗಳೂರಿನಲ್ಲಿದೆ. ಶ್ರೀರಂಗಪಟ್ಟಣ ಮೈಸೂರು ನಗರಕ್ಕೆ ಹತ್ತಿರವಿದ್ದರೂ ಮಂಡ್ಯ ಜಿಲ್ಲೆಗೆ ಸೇರಿದ್ದು. ಮಂಗಳೂರಿಗೆ 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಕನ್ನಡದ ಉಚ್ಚಾರದ ಹೆಸರೇ ಅಧಿಕೃತ. ಹಳೆಯ ರೂಪ ಬಳಸಿದರೆ ಅದು ಮಹಾಪರಾಧವಲ್ಲ, ಎರಡನ್ನೂ ಬೆರೆಸಿ ಓದುವವರನ್ನು ಗೊಂದಲಕ್ಕೆ ತಳ್ಳಬಾರದು ಅಷ್ಟೆ.

3. ಬಂದರು ಬೇರೆ, ನಗರ ಬೇರೆ

ಜಾಹೀರಾತಿನಲ್ಲಿ ‘ರೋಮ್’ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯ ಎಂಬ ಬಂದರಿನಲ್ಲಿ, ರೋಮ್‌ನಿಂದ ಸುಮಾರು 70 ಕಿ.ಮೀ. ದೂರ. ‘ಪ್ಯಾರಿಸ್’ ಎಂದರೆ ಲ ಹಾವ್ರ್ ಬಂದರು, ದೂರ ಸುಮಾರು 200 ಕಿ.ಮೀ. ‘ಬರ್ಲಿನ್’ ಎಂದರೆ ಇನ್ನೂ ದೂರದ ವಾರ್ನೆಮುಂಡೆ. ಇದನ್ನು ಪೂರ್ತಿ ತಪ್ಪೆನ್ನಲಾಗದು, ಆದರೆ ಓದುವವರು ಕೇಳಲೇಬೇಕಾದ ಪ್ರಶ್ನೆ ಇಲ್ಲಿದೆ: ಬಂದರಿನಿಂದ ಊರಿಗೆ ಹೋಗಿ ಬರಲು ಎಷ್ಟು ಗಂಟೆ, ಅದರ ಖರ್ಚು ಯಾರದು?

ನಮ್ಮಲ್ಲೂ ಹಾಗೆಯೇ. ಕಾರ್ಕಳದ ಗೊಮ್ಮಟ ಮಂಗಳೂರಿನಿಂದ ಸುಮಾರು 50 ಕಿ.ಮೀ. ಶ್ರವಣಬೆಳಗೊಳಕ್ಕೋ, ಅದರಾಚೆಯ ಬಿಂಡಿಗನವಿಲೆ ಕಡೆಗೋ ಹೋಗಬೇಕಾದರೆ ಘಾಟಿ ಹತ್ತಿ 200 ಕಿ.ಮೀ.ಗೂ ಮೀರಿ ಸಾಗಬೇಕು. ಬೆಳಗ್ಗೆ ಇಳಿದು ಸಂಜೆ ಹಡಗು ಹತ್ತಬೇಕಾದವರಿಗೆ ಇದು ಆಗದ ಮಾತು. ಆದರೂ ಕಾರ್ಕಳದ ಹೆಸರಿನ ಮೇಲೆ ಶ್ರವಣಬೆಳಗೊಳದ ಚಿತ್ರ ಹಾಕಿಬಿಡುವುದು ಸುಲಭ. ಕಾರ್ಕಳದ ಮೂರ್ತಿ 1432ರದು, ಎತ್ತರ ಸುಮಾರು 42 ಅಡಿ. ಶ್ರವಣಬೆಳಗೊಳದ್ದು ಹತ್ತನೆಯ ಶತಮಾನದ್ದು, ಸುಮಾರು 58 ಅಡಿ. ಅಂಕಿ ಒಂದರದು, ಚಿತ್ರ ಇನ್ನೊಂದರದು ಆಗಿದೆಯೇ ಎಂದು ನೋಡಬೇಕು.

ಗಡಿಯಾರದ ವಿಷಯವೂ ಇದೆ. ಭಾರತಕ್ಕೂ ಮಾಲ್ಡೀವ್ಸ್‌ಗೂ ಅರ್ಧ ಗಂಟೆ, ದುಬೈಗೆ ಒಂದೂವರೆ ಗಂಟೆ ವ್ಯತ್ಯಾಸ. ಹಾಳೆಯಲ್ಲಿರುವುದು ಹಡಗಿನ ಸಮಯವೋ ಊರಿನ ಸಮಯವೋ ಎಂದು ಸ್ಪಷ್ಟವಿಲ್ಲದಿದ್ದರೆ ಕೇಳಬೇಕು. ಎಲ್ಲರೂ ಹಡಗಿನೊಳಗಿರಬೇಕಾದದ್ದು ಹೊರಡುವ ವೇಳೆಗಲ್ಲ, ಸಾಮಾನ್ಯವಾಗಿ ಅದಕ್ಕೆ ಅರ್ಧ ಗಂಟೆಯಾದರೂ ಮೊದಲು. ತಪ್ಪಿಸಿಕೊಂಡವರಿಗಾಗಿ ಹಡಗು ಕಾಯುವುದಿಲ್ಲ. ಪ್ರವಾಸಿಗರನ್ನು ಕರೆದೊಯ್ಯುವ ನಮ್ಮ ಟ್ಯಾಕ್ಸಿ, ಆಟೋ ಚಾಲಕರೂ ಇದನ್ನು ನೆನಪಿಡಬೇಕು.

4. ಅಳತೆಯ ಮಾತುಗಳು

‘ಗಂಟೆಗೆ 20 ನಾಟ್ ವೇಗ’ ಎಂದು ಬರೆದಿದ್ದರೆ ಬರೆದವರಿಗೆ ವಿಷಯ ತಿಳಿದಿಲ್ಲ ಎಂದರ್ಥ. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಇನ್ನೊಂದು, ಹಡಗಿನ ‘ಗ್ರಾಸ್ ಟನ್ನೇಜ್’ ತೂಕವಲ್ಲ, ಒಳಗಿನ ಒಟ್ಟು ಜಾಗದ ಅಳತೆ. ಟೈಟಾನಿಕ್‌ನದು 46,328, 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಹಡಗಿನದು 248,663. ಇದನ್ನೇ ಹಿಡಿದು ‘ಟೈಟಾನಿಕ್‌ಗಿಂತ ಐದು ಪಟ್ಟು ಭಾರ’ ಎಂದರೆ ತಪ್ಪಾಗುತ್ತದೆ.

ಈ ಜ್ಞಾನದಿಂದ ಒಂದು ಉಪಯೋಗವೂ ಉಂಟು. ಅಕ್ಷಾಂಶದ ಒಂದು ಡಿಗ್ರಿ ಎಂದರೆ 60 ನಾಟಿಕಲ್ ಮೈಲು. ಮಂಗಳೂರು ಸುಮಾರು 13 ಡಿಗ್ರಿಯಲ್ಲಿದೆ, ಕೊಚ್ಚಿ ಸುಮಾರು 10ರಲ್ಲಿ. ಅಂತರ ಸುಮಾರು 180 ಮೈಲು; 18 ನಾಟ್ ವೇಗದಲ್ಲಿ ಹತ್ತು ಗಂಟೆಯ ದಾರಿ. ಸಂಜೆ 6ಕ್ಕೆ ಮಂಗಳೂರು ಬಿಟ್ಟು ರಾತ್ರಿ 11ಕ್ಕೆ ಕೊಚ್ಚಿ ಎಂದು ಅಚ್ಚಾಗಿದ್ದರೆ ನಗಬಹುದು, ನಂಬಬಾರದು.

5. ವ್ಯಕ್ತಿಗಳು ಮತ್ತು ಪವಿತ್ರ ಸ್ಥಳಗಳು

ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು 1899ರಲ್ಲಿ ಬರೆಯತೊಡಗಿದ ಇಟಲಿಯ ಅಂತೋನಿಯೊ ಮೊಸ್ಕೆನಿ ಯೇಸುಸಭೆಯ ಬ್ರದರ್, ಗುರುಗಳಲ್ಲ. ಆದರೂ ಕೆಲವೆಡೆ ಅವರನ್ನು ‘ಫಾದರ್’ ಎಂದು ಬರೆದಿರುವುದು ಕಾಣುತ್ತದೆ. ಅವರು 1905ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಕಾಲೇಜು ಆರಂಭವಾದದ್ದು 1880ರಲ್ಲಿ. ಚಾಪೆಲ್, ಚಿತ್ರಗಳು ಆಮೇಲಿನವು. ಮೂರನ್ನೂ ಒಂದೇ ವರ್ಷಕ್ಕೆ ಕಟ್ಟಬಾರದು.

ಮೂಡಬಿದಿರೆಯ ಸಾವಿರ ಕಂಬದ ಬಸದಿ ಜೈನರದು. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚ್ ಇಂದು ಸಿ.ಎಸ್.ಐ. ಸಭೆಗೆ ಸೇರಿದ್ದು. ಅಲ್ಲಿ ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಲಾಯಿತು ನಿಜ, ಆದರೆ ಅವನ ಅವಶೇಷಗಳನ್ನು ಬಳಿಕ ಪೋರ್ಚುಗಲ್‌ಗೆ ಒಯ್ಯಲಾಯಿತು. ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರ ಇರುವುದು ಬೊಂ ಜೆಸು ಬೆಸಿಲಿಕದಲ್ಲಿ, ಎದುರಿನ ಸೇ ಕೆಥೆಡ್ರಲ್‌ನಲ್ಲಲ್ಲ. ಅದರ ವಿಶೇಷ ಸಾರ್ವಜನಿಕ ದರ್ಶನ ಹತ್ತು ವರ್ಷಕ್ಕೊಮ್ಮೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದಿದೆ. ಪರರ ಪೂಜಾಸ್ಥಳವಾಗಲಿ ನಮ್ಮದಾಗಲಿ, ಅದರ ಹೆಸರನ್ನು ಸರಿಯಾಗಿ ಹೇಳುವುದು ಗೌರವದ ಮೊದಲ ಮೆಟ್ಟಿಲು.

ಕೆಲಸದ ಪತ್ರದಲ್ಲಿ ತಪ್ಪಿದ್ದರೆ

ಮೇಲಿನವು ಅಜಾಗ್ರತೆಯ ತಪ್ಪುಗಳು. ‘ಹಡಗಿನಲ್ಲಿ ಉದ್ಯೋಗ’ ಎಂಬ ಪತ್ರದಲ್ಲಿ ಇಂಥ ತಪ್ಪು ಕಂಡರೆ ಅದು ಎಚ್ಚರಿಕೆಯ ಗಂಟೆ. ಹೆಸರಾಂತ ಸಂಸ್ಥೆಯ ಲಾಂಛನವಿದ್ದು ಅಂಚೆ ಬಂದದ್ದು ಯಾರೂ ಉಚಿತವಾಗಿ ಪಡೆಯಬಹುದಾದ ಮಿಂಚಂಚೆ ವಿಳಾಸದಿಂದ. ಹಡಗಿನ ಹೆಸರು ಒಂದು ಕಂಪೆನಿಯದು, ಸಹಿ ಇನ್ನೊಂದರದು. ಹಡಗು ಹತ್ತಬೇಕಾದ ‘ಬಂದರು’ ಮ್ಯಾಡ್ರಿಡ್, ಅಲ್ಲಿ ಕಡಲೇ ಇಲ್ಲ! ಇಂಥದ್ದು ಒಂದು ಕಂಡರೂ ಹಣ ಕಳಿಸುವುದನ್ನು ನಿಲ್ಲಿಸಿ.

2006ರ ಅಂತಾರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಸಿ.ಡಿ.ಸಿ. ಪುಸ್ತಕ, ಪಾಸ್‌ಪೋರ್ಟ್ ಇವುಗಳ ಖರ್ಚು ಮಾತ್ರ ಅವನದಾಗಬಹುದು. ವೀಸಾ ಖರ್ಚು ಹಡಗಿನ ಮಾಲಕರದು. ನೇಮಕಾತಿ ನಡೆಸುವವರಿಗೆ ಡಿ.ಜಿ. ಶಿಪ್ಪಿಂಗ್ ಇಲಾಖೆಯ ಪರವಾನಗಿ, ಜನ ಸಾಮಾನ್ಯವಾಗಿ ಆರ್.ಪಿ.ಎಸ್.ಎಲ್. ಎನ್ನುವುದು, ಇರಬೇಕು. ಆ ಸಂಖ್ಯೆ ಕೇಳಿ, ಇಲಾಖೆಯ ಪಟ್ಟಿಯೊಡನೆ ತಾಳೆ ನೋಡಿ. ಮಗನ ಕೆಲಸಕ್ಕೆಂದು ಚಿನ್ನ ಅಡವಿಡುವ ಮುಂಚೆ ತಾಯಿ ತಂದೆ ಈ ಒಂದು ಕೆಲಸ ಮಾಡಿದರೆ ಸಾಕು.

ನಾವೇನು ಮಾಡಬಹುದು?

ತಪ್ಪು ಕಂಡಾಗ ಗೇಲಿ ಮಾಡುವುದರಿಂದ ಪ್ರಯೋಜನವಿಲ್ಲ. ಪುಟ, ಸಾಲು, ಸರಿಯಾದ ರೂಪ, ಅದಕ್ಕೆ ಆಧಾರ ಇಷ್ಟನ್ನು ವಿನಯದಿಂದ ಬರೆದು ತಿಳಿಸಿದರೆ ಹೆಚ್ಚಿನವರು ತಿದ್ದಿಕೊಳ್ಳುತ್ತಾರೆ. ಹಣ ಕಟ್ಟುವ ವಿಷಯವಾದರೆ ತಿದ್ದಿದ ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಪಡೆಯಬೇಕು.

ಪ್ರವಾಸಿಗರು ಬರುವ ಚರ್ಚ್‌ಗಳ ಪಾಲನಾ ಮಂಡಳಿಗಳಿಗೆ ಒಂದು ಸಲಹೆ. ನಿಮ್ಮ ಚರ್ಚ್‌ನ ಬಗ್ಗೆ ಒಂದೇ ಪುಟದ ಪರಿಚಯ ಸಿದ್ಧಪಡಿಸಿ. ಸ್ಥಾಪನೆಯ ವರ್ಷ, ಈಗಿನ ಕಟ್ಟಡದ ವರ್ಷ, ಬಲಿಪೂಜೆಯ ವೇಳೆ ಇವುಗಳನ್ನು ಧರ್ಮಕೇಂದ್ರದ ದಾಖಲೆಯೊಡನೆ ಹೋಲಿಸಿ. ಅಚ್ಚಿಗೆ ಕೊಡುವ ಮುನ್ನ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ದಾಖಲೆ ನೋಡುತ್ತ ಕುಳಿತಿರಲಿ. ಕೆಳಗೆ ಅಚ್ಚಾದ ತಿಂಗಳು, ವರ್ಷ ಹಾಕಿ. ಊರಿನವರು ಸರಿಯಾದ ಹಾಳೆ ಕೊಟ್ಟರೆ ದೂರದ ಕಚೇರಿಯವರು ನಕಲು ಮಾಡುವುದೂ ಅದನ್ನೇ.