ಮೂಡಲ ಬಾಗಿಲಿಗೆ ಬಿದ್ದ ಬೀಗ: 152 ದಿನಗಳ ಲೆಕ್ಕ

2020ರ ಆಗಸ್ಟ್ 22, ಶನಿವಾರ, ಗಣೇಶ ಚತುರ್ಥಿ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಹದಿಮೂರೂವರೆ ಅಡಿಯ ಏಕಶಿಲಾ ಗಣಪತಿಗೆ ಅದು ವರ್ಷದ ದೊಡ್ಡ ದಿನ. ಈ ದೇವರಿಗೆ ನಡೆದುಕೊಳ್ಳುವವರು ಕರ್ನಾಟಕ, ಆಂಧ್ರ ಗಡಿಯ ಎರಡೂ ಕಡೆ ಇದ್ದಾರೆ. ಚಿತ್ತೂರು ಸೀಮೆಯವರು ಕಾಣಿಪಾಕದ ವಿನಾಯಕನಿಗೆ ಕೈಮುಗಿದು ಇಲ್ಲಿಗೂ ಬರುತ್ತಾರೆ, ನಮ್ಮವರು ಇಲ್ಲಿ ಪೂಜೆ ಮುಗಿಸಿ ಅಲ್ಲಿಗೂ ಹೋಗುತ್ತಾರೆ. ಆ ಶನಿವಾರ ಮಾತ್ರ, ನಿಯಮದ ಪ್ರಕಾರ, ಆಂಧ್ರದ ಪಲಮನೇರಿನಿಂದ ಬಂದು ದರ್ಶನ ಮಾಡುವವರ ಪಾಲಿಗೆ ಕರ್ನಾಟಕದ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ನೋಂದಣಿ, ಕೈಗೆ ಸೀಲು, 14 ದಿನ ಮನೆಯೊಳಗಿನ ವಾಸ ಕಾದಿತ್ತು.

ಅದೇ ದಿನ ದೆಹಲಿಯಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಎಲ್ಲ ರಾಜ್ಯಗಳಿಗೂ ಪತ್ರ ಬರೆದರು. ರಾಜ್ಯದಿಂದ ರಾಜ್ಯಕ್ಕೆ ಜನ, ಸರಕು ಓಡಾಡುವುದನ್ನು ತಡೆಯುವಂತಿಲ್ಲ, ಪಾಸು ಕೇಳುವಂತಿಲ್ಲ, ತಡೆದರೆ ಅದು ಕೇಂದ್ರದ ಮಾರ್ಗಸೂಚಿಯ ಉಲ್ಲಂಘನೆ ಎಂದು ಅದರಲ್ಲಿತ್ತು. ಆಗಸ್ಟ್ 24ರಂದು ಕರ್ನಾಟಕ ಆದೇಶ ಹೊರಡಿಸಿ ನೋಂದಣಿ, ಗಡಿಯ ತಪಾಸಣೆ, ಸೀಲು, ಕ್ವಾರಂಟೈನ್ ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕಿತು. ಕೋವಿಡ್ ಲಾಕ್‌ಡೌನ್ ಶುರುವಾದ ಮಾರ್ಚ್ 25ರಿಂದ ಅಲ್ಲಿಗೆ 152 ದಿನ. ಹಬ್ಬ ಮುಗಿದು ಎರಡು ದಿನವಾಗಿತ್ತು.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಕನ್ನಡನಾಡಿನ ಪೂರ್ವದ ಬಾಗಿಲೆಂದೇ ಊರಿಗೆ ಆ ಹೆಸರು. ಬಾಗಿಲು ಮುಚ್ಚಿದ್ದಕ್ಕೆ ಇಲ್ಲಿಯ ಜನ ಅಷ್ಟಾಗಿ ಸಿಟ್ಟಾಗಲಿಲ್ಲ, ಏಕೆಂದರೆ ರೋಗದ ಭಯ ಎಲ್ಲರಿಗೂ ಇತ್ತು. ಮೇ 12ರವರೆಗೆ ಕೋಲಾರ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಮೇ 1ರಂದು ಕೇಂದ್ರ ಸೋಂಕಿನ ಪ್ರಕಾರ ಜಿಲ್ಲೆಗಳಿಗೆ ಬಣ್ಣ ಹಚ್ಚಿದಾಗ ಕರ್ನಾಟಕದ 30 ಜಿಲ್ಲೆಗಳಲ್ಲಿ 3 ಕೆಂಪು, 13 ಕಿತ್ತಳೆ, 14 ಹಸಿರು. ಕೋಲಾರ ಹಸಿರಿನಲ್ಲಿತ್ತು. ಮೇ 12ರಂದು ಒಮ್ಮೆಗೇ ಐದು ಪ್ರಕರಣ ಬಂದವು, ಐದೂ ಮುಳಬಾಗಿಲು ತಾಲ್ಲೂಕಿನವು. ಅಂದು ಸಂಜೆ ಯಾರನ್ನಾದರೂ ಕೇಳಿದ್ದರೆ ಗಡಿಗೆ ಇನ್ನೂ ಒಂದು ಬೀಗ ಹಾಕಿ ಎನ್ನುತ್ತಿದ್ದರು. ಜನರ ತಾಳ್ಮೆ ಕೆಟ್ಟದ್ದು ಇವತ್ತಿನ ನಿಯಮ ನಾಳೆಗೆ ಇಲ್ಲ ಎಂಬುದಕ್ಕೆ. ಆ ಐದು ತಿಂಗಳು ಈ ಭಾಗದಲ್ಲಿ ಫೋನೆತ್ತಿದವರು ಊಟವಾಯಿತೇ ಎಂದು ಕೇಳುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಗಡಿ ಬಿಟ್ಟವ್ರಾ?"

ಆ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದ್ದೇನೆ. ಕೋಲಾರ ಜಿಲ್ಲೆಗೆ ಆಂಧ್ರವೂ ಗಡಿ, ತಮಿಳುನಾಡೂ ಗಡಿ. ಚೆನ್ನೈಯಲ್ಲಿ ದುಡಿಯುವ ಒಬ್ಬ ಊರಿಗೆ ಬರಬೇಕಾಗಿತ್ತು ಎಂದುಕೊಳ್ಳಿ. ಮೇ 18ರಂದು ಕರ್ನಾಟಕ ತಮಿಳುನಾಡು, ಕೇರಳ, ಮಹಾರಾಷ್ಟ್ರ, ಗುಜರಾತಿನವರಿಗೆ ಪ್ರವೇಶವೇ ಇಲ್ಲ ಎಂದಿತು. ಅದೇ ವಾರ ಮುಗಿಯುವ ಮೊದಲು, ಬರಬಹುದು, ಆದರೆ 7 ದಿನ ಸರ್ಕಾರಿ ಕ್ವಾರಂಟೈನ್, 7 ದಿನ ಮನೆ ಎಂದಾಯಿತು. ಜೂನ್ ಹುಟ್ಟಿದಾಗ ಮಹಾರಾಷ್ಟ್ರ ಬಿಟ್ಟು ಉಳಿದವರಿಗೆ 14 ದಿನವೂ ಮನೆಯಲ್ಲೇ. ಜೂನ್ ನಡುವಿನಲ್ಲಿ ಚೆನ್ನೈ, ದೆಹಲಿ ಕಡೆಯವರಿಗೆ 3 ದಿನ ಸರ್ಕಾರಿ, 11 ದಿನ ಮನೆ. ಜುಲೈ ಮೊದಲ ವಾರದ ನಂತರ ಮತ್ತೆ 14 ದಿನ ಮನೆ. ಆಗಸ್ಟ್ 24ಕ್ಕೆ ಏನೂ ಇಲ್ಲ. ಮೇ 18ರಿಂದ ಆಗಸ್ಟ್ 24ಕ್ಕೆ 98 ದಿನ, ಅಷ್ಟರಲ್ಲಿ ಐದು ನಿಯಮಗಳು ಬಂದು ಹೋದವು. ಒಂದು ನಿಯಮದ ಸರಾಸರಿ ಆಯುಸ್ಸು 20 ದಿನವೂ ಇಲ್ಲ. ಕ್ವಾರಂಟೈನ್ ಅವಧಿಯೇ 14 ದಿನ. ಒಂದು ನಿಯಮ ನಂಬಿ ಒಳಗೆ ಕೂತವನು ಹೊರಗೆ ಬರುವ ಹೊತ್ತಿಗೆ, ಅವನ ಹಿಂದೆ ಬಂದ ತಮ್ಮನಿಗೆ ಬೇರೆಯೇ ನಿಯಮ.

ಇದು ಕರ್ನಾಟಕದ ಬಾಗಿಲಿನ ಲೆಕ್ಕ ಮಾತ್ರ. ಎದುರಿನ ಬಾಗಿಲಿಗೆ ಅದರದೇ ಬೀಗ. ಇತ್ತಲಿಂದ ಆಂಧ್ರಕ್ಕೆ ಹೋಗಲು ಸ್ಪಂದನ ಎಂಬ ಪೋರ್ಟಲ್ಲಿನಲ್ಲಿ ನೋಂದಣಿ, ಅಲ್ಲಿಂದ ಇತ್ತ ಬರಲು ಸೇವಾ ಸಿಂಧು, ತಮಿಳುನಾಡಿಗೆ ಇ-ಪಾಸು. ಮೇ 30ರಂದೇ ಕೇಂದ್ರ ಅಂತರರಾಜ್ಯ ಓಡಾಟಕ್ಕೆ ಪ್ರತ್ಯೇಕ ಅನುಮತಿ ಬೇಡ ಎಂದಿತ್ತು. ಆದರೆ ರಾಜ್ಯಗಳು ಬೇಕೆನಿಸಿದರೆ ಮುಂಚಿತವಾಗಿ ತಿಳಿಸಿ ನಿರ್ಬಂಧ ಹಾಕಬಹುದು ಎಂಬ ಎಳೆಯೊಂದು ಅದೇ ಆದೇಶದಲ್ಲಿತ್ತು. ಆ ಎಳೆ ಹಿಡಿದು 86 ದಿನ ಕಳೆದವು.

ಈ ಲೆಕ್ಕದ ಭಾರವೆಲ್ಲ ಮೊದಲು ಬಿದ್ದದ್ದು ದಾರಿಯ ಮೇಲಿದ್ದವರ ತಲೆಗೆ. ಮಾರ್ಚ್ ಕೊನೆಯ ವಾರ ಮಂಗಳೂರಿನ ಬಂದರಿನಲ್ಲಿ ದುಡಿಯುತ್ತಿದ್ದ ಆಂಧ್ರದ ಮೀನುಗಾರರು, ಕೂಲಿಗಳು ಸುಮಾರು 450 ಕಿಲೋಮೀಟರ್ ದಾಟಿ ಮುಳಬಾಗಿಲು ತಾಲ್ಲೂಕಿನ ನಂಗಲಿ ಗಡಿ ಮುಟ್ಟಿದರು. ಸಾವಿರಕ್ಕೂ ಹೆಚ್ಚು ಜನ. ಆಂಧ್ರ ಒಳಗೆ ಬಿಡಲಿಲ್ಲ. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರು ದೆಹಲಿಗೂ ಅಮರಾವತಿಗೂ ಮಾತಾಡಿ, ಕೊನೆಗೆ ಅವರಿಗೆ ಕೋಲಾರ ಜಿಲ್ಲೆಯಲ್ಲೇ ಊಟ, ವಸತಿ ಮಾಡಿಸಬೇಕಾಯಿತು. ಮಾರ್ಚ್ 29ರಂದು ಗಡಿಗಳನ್ನು ಮುಚ್ಚಿ, ವಲಸಿಗರನ್ನು ಇದ್ದಲ್ಲೇ ಇರಿಸಿ ಎಂಬ ಕೇಂದ್ರದ ಆದೇಶವೂ ಬಂತು. ಊರು ಇನ್ನು ಒಂದು ದಿನದ ದಾರಿ ಎನ್ನುವಾಗ ಕಣ್ಣೆದುರು ಕಾಣುವ ರಸ್ತೆಯಲ್ಲಿ ಹೆಜ್ಜೆ ಇಡಲಾಗದೆ ನಿಂತವರು ಅವರು.

ನಂಗಲಿಯ ಆಚೆ, ಚಿತ್ತೂರು ಮತ್ತು ವೆಲ್ಲೂರು ಜಿಲ್ಲೆಗಳ ನಡುವೆ, ಏಪ್ರಿಲ್ 26ರಂದು ಹೆದ್ದಾರಿಗೇ ಗೋಡೆ ಕಟ್ಟಿದರು. ಸಿಮೆಂಟ್ ಇಟ್ಟಿಗೆಯ, ಮೂರು ಅಡಿ ದಪ್ಪ, ಐದು ಅಡಿ ಎತ್ತರದ ಗೋಡೆ, ಎರಡು ಕಡೆ. ಪಲಮನೇರಿನಿಂದ ಗುಡಿಯಾತ್ತಂಗೆ ಹೋಗುವ ದಾರಿಯೂ ಅದರಲ್ಲಿ ಸೇರಿತ್ತು. ವಿರೋಧ ಎದ್ದ ಕೂಡಲೇ ಕೆಡವಿದರು. ಹಾಲು, ತರಕಾರಿ, ಬಾಣಂತಿ ಓಡಾಡುವ ರಸ್ತೆಗೆ ಇಟ್ಟಿಗೆ ಇಡುವ ಮಟ್ಟಕ್ಕೆ ಭಯ ಹೋಗಿತ್ತು.

ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕ, ಕೇರಳ ಗಡಿಯ ತಲಪಾಡಿಯ ರಸ್ತೆಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರು ಜೀವ ಬಿಟ್ಟರು. ಏಪ್ರಿಲ್ 1ಕ್ಕೆ ರಸ್ತೆ ತೆರೆಯಿಸಿ ಎಂಬ ಕೇರಳ ಹೈಕೋರ್ಟ್ ಆದೇಶ, 3ಕ್ಕೆ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ, 7ಕ್ಕೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದ. ಒಂದು ಆಂಬುಲೆನ್ಸ್ ದಾಟಲು ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಈಗ ರೂಪಾಯಿಯ ಮಾತು. 2020-21ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 275 ರೂಪಾಯಿ. 14 ದಿನ ಮನೆಯಲ್ಲಿ ಕೂತರೆ ಒಬ್ಬರಿಗೆ 3,850 ರೂಪಾಯಿ ಹೋಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ 7,700. ಒಂದು ಸಾವಿಗೆ ಹೋಗಿ ಮಣ್ಣು ಹಾಕಿ ಬರುವುದರ ಬೆಲೆ ಇದು. ಪಾಸು ಪುಕ್ಕಟೆ ಎಂದು ಸರ್ಕಾರಗಳು ಹೇಳಿದವು, ನಿಜ. ಆದರೆ ಸ್ಮಾರ್ಟ್‌ಫೋನ್ ಇಲ್ಲದವನು ಸೈಬರ್ ಸೆಂಟರಿನ ಮುಂದೆ ನಿಲ್ಲಬೇಕು, ಆಧಾರ್ ಸ್ಕ್ಯಾನ್ ಮಾಡಿಸಬೇಕು, ಅರ್ಜಿ ತಿರಸ್ಕಾರವಾದರೆ ಮಾರನೆಯ ದಿನ ಮತ್ತೆ ಹೋಗಬೇಕು. ಎರಡು ದಿನ ಅಲೆದರೆ 550 ರೂಪಾಯಿ ಕೂಲಿ ಖೋತಾ, ಸೆಂಟರಿಗೆ ಕೊಟ್ಟದ್ದು ಬೇರೆ.

ಟೊಮೆಟೊ ಬೆಳೆದವರ ಕಥೆ ಇದಕ್ಕಿಂತ ಕಠಿಣ. ಲಾರಿಗೆ ತಡೆ ಇಲ್ಲ ಎಂದು ಎಲ್ಲ ಆದೇಶಗಳಲ್ಲೂ ಬರೆದಿತ್ತು. ಕೋಲಾರದ ಎಪಿಎಂಸಿಯಿಂದ, ಮುಳಬಾಗಿಲಿನ ವಡ್ಡಹಳ್ಳಿ ಮಾರುಕಟ್ಟೆಯಿಂದ 15 ಕಿಲೋ ಬಾಕ್ಸುಗಳು ಗಡಿ ದಾಟುತ್ತಲೂ ಇದ್ದವು. ಆದರೆ ಬಾಕ್ಸು ತಾನಾಗಿ ತುಂಬಿಕೊಳ್ಳುವುದಿಲ್ಲ. ಗಡಿಯಂಚಿನ ಹೊಲಗಳಿಗೆ ಹಣ್ಣು ಕೀಳುವ ಹೆಂಗಸರು ಆಚೆ ಹಳ್ಳಿಗಳಿಂದ ಬೆಳಗಿನ ಆಟೋದಲ್ಲಿ ಬರುತ್ತಾರೆ. ಹಣ್ಣು ಕೆಂಪಾದ ಮೇಲೆ ಗಿಡದಲ್ಲಿ ಕಾಯುವುದು ಮೂರು ನಾಲ್ಕು ದಿನ, ನಿಯಮ ಕಾಯಿಸುತ್ತಿದ್ದುದು ಹದಿನಾಲ್ಕು ದಿನ. ಅತ್ತ ಮೇ 5ರಂದು ಚೆನ್ನೈಯ ಕೋಯಂಬೇಡು ಮಾರುಕಟ್ಟೆ ಸೋಂಕಿನ ಕಾರಣಕ್ಕೆ ಮುಚ್ಚಿತು. ದಾರಿ ತೆರೆದಿದ್ದರೂ ದಾರಿಯ ಕೊನೆಯಲ್ಲಿ ಕೊಳ್ಳುವವರು ಇರಲಿಲ್ಲ.

ನಮ್ಮ ಚಿಕ್ಕಮ್ಮನ ಮಗಳನ್ನು ಪಲಮನೇರಿನ ಪಕ್ಕಕ್ಕೆ ಕೊಟ್ಟಿದೆ. ಜೂನ್‌ನಲ್ಲಿ ಶ್ರೀನಿವಾಸಪುರದ ತೋಟದಿಂದ ಬೇನಿಷಾ ಮಾವು ಬಂದಾಗ ಚಿಕ್ಕಮ್ಮ ಒಂದು ಚೀಲ ತೆಗೆದಿಟ್ಟು, ಅವಳಿಗೆ ತಲುಪಿಸಲೇಬೇಕು ಎಂದು ಹಟ ಹಿಡಿದರು. ನಾನೇ ಹೋದೆ. ನಮ್ಮ ಕಡೆಯ ಬ್ಯಾರಿಕೇಡ್‌ಗೂ ಅವರ ಕಡೆಯ ಬ್ಯಾರಿಕೇಡ್‌ಗೂ ನಡುವೆ ಖಾಲಿ ಡಾಂಬರು ರಸ್ತೆ. ಕಾವಲಿನವರನ್ನು ಕೇಳಿಕೊಂಡು ಚೀಲವನ್ನು ನಡುವೆ ಇಟ್ಟು ಹಿಂದೆ ಸರಿದೆ. ಅವಳು ಬಂದು ಎತ್ತಿಕೊಂಡಳು. ಚೀಲದ ತಳ ಹರಿದಿತ್ತು, ಎರಡು ಹಣ್ಣು ಉರುಳಿ ನಮ್ಮ ಕಡೆಗೇ ಬಂದವು. ಎತ್ತಿಕೊಡಲು ಮುಂದೆ ಹೋಗಬೇಕೋ ಬೇಡವೋ ಎಂದು ನಾನು ನಿಂತೆ, ಅವಳೂ ನಿಂತಳು. ಅವಳ ಎಡಗೈ ಹಿಂಬದಿಯಲ್ಲಿ ಹಿಂದಿನ ತಿಂಗಳು ಯಾವುದೋ ಚೆಕ್‌ಪೋಸ್ಟಿನಲ್ಲಿ ಒತ್ತಿದ್ದ ಸೀಲಿನ ಕರೆ ಇನ್ನೂ ಇತ್ತು. ಪಾತ್ರೆ ಉಜ್ಜಿ ಉಜ್ಜಿ ಅಕ್ಷರ ಹೋಗಿ, ನೇರಳೆ ಬಣ್ಣ ಮಾತ್ರ ಉಳಿದಿತ್ತು.

ಜೂನ್ 17ರಂದು ಕರ್ನಾಟಕ, ಆಂಧ್ರ ನಡುವೆ ಬಸ್ಸುಗಳು ಶುರುವಾದವು. ಆಂಧ್ರದ ಸಂಸ್ಥೆ ಮೊದಲ ಹಂತದಲ್ಲಿ 168 ಬಸ್ ಬಿಟ್ಟಿತು. ಬೆಂಗಳೂರಿನಿಂದ ತಿರುಪತಿಗೆ, ಚಿತ್ತೂರಿಗೆ, ಮದನಪಲ್ಲಿಗೆ ನಮ್ಮ ಬಸ್ಸುಗಳೂ ಓಡಿದವು. ಬಸ್ಸಿತ್ತು, ಆದರೆ ಬಸ್ಸು ಹತ್ತಿದವನಿಗೆ 14 ದಿನದ ಮನೆವಾಸವೂ ಇತ್ತು. ತಿರುಮಲ ಜೂನ್ 11ರಿಂದ ದಿನಕ್ಕೆ 6,000 ಜನಕ್ಕೆ ತೆರೆದಿತ್ತು. ಮುಡಿ ಕೊಡಲು ಹೋಗಿ ಬಂದವರು ನರೇಗಾ ಲೆಕ್ಕದಲ್ಲಿ 3,850 ರೂಪಾಯಿ ಕೂಲಿ ಬಿಟ್ಟು ಕೂರಬೇಕು ಎಂದರೆ, ಹೋದವರು ಯಾರು, ಹೋಗದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

2021ರಲ್ಲಿ ಸೀಲಿನ ಜಾಗಕ್ಕೆ ಸರ್ಟಿಫಿಕೇಟ್ ಬಂತು. ಫೆಬ್ರುವರಿಯಲ್ಲಿ ಕೇರಳದಿಂದ, ನಂತರ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯ. ಏಪ್ರಿಲ್ 1ರಿಂದ ಬೆಂಗಳೂರಿಗೆ ಬರುವ ಯಾವುದೇ ಹೊರರಾಜ್ಯದವರಿಗೂ ಕಡ್ಡಾಯ. ನಂಗಲಿ ದಾಟಿ ಮುಳಬಾಗಿಲಿನಲ್ಲಿ ಇಳಿಯುವವನಿಗೆ ಒಂದು ನಿಯಮ, ಅದೇ ಬಸ್ಸಿನಲ್ಲಿ ಇನ್ನೂ ನೂರು ಕಿಲೋಮೀಟರ್ ಮುಂದೆ ಹೋಗುವವನಿಗೆ ಇನ್ನೊಂದು. 2020ರ ಮಾರ್ಚ್‌ನಲ್ಲಿ ಈ ಪರೀಕ್ಷೆಗೆ ಗರಿಷ್ಠ 4,500 ರೂಪಾಯಿ ಎಂದು ನಿಗದಿಯಾಗಿತ್ತು. ಡಿಸೆಂಬರ್ ಹೊತ್ತಿಗೆ ಕರ್ನಾಟಕ ಅದನ್ನು ಖಾಸಗಿ ಲ್ಯಾಬಿನಲ್ಲಿ 800ಕ್ಕೆ ಇಳಿಸಿತು. ಸರ್ಕಾರ ಮಾಡಿದ ಒಳ್ಳೆಯ ಕೆಲಸ ಅದು, ಹೇಳಲೇಬೇಕು. ಆದರೂ ನಾಲ್ಕು ಜನರ ಮನೆಗೆ 3,200. 2021-22ರ ನರೇಗಾ ಕೂಲಿ 289ರ ಲೆಕ್ಕದಲ್ಲಿ 11 ದಿನದ ದುಡಿಮೆ. ವರದಿಗೆ ಮೂರೇ ದಿನದ ಆಯುಸ್ಸು, ಅದರಲ್ಲಿ ಒಂದು ದಿನ ಲ್ಯಾಬಿನ ಕೈಯಲ್ಲೇ ಕಳೆಯುತ್ತಿತ್ತು.

ಕಾಸರಗೋಡಿನಿಂದ ದಿನವೂ ಮಂಗಳೂರಿಗೆ ಬರುವ ವಿದ್ಯಾರ್ಥಿಗೆ 15 ದಿನಕ್ಕೊಮ್ಮೆ ಪರೀಕ್ಷೆ ಸಾಕು ಎಂದರು. ವರ್ಷಕ್ಕೊಮ್ಮೆ ಮದುವೆಗೆ ಬರುವ ಅಜ್ಜಿಗೆ 72 ಗಂಟೆಯೊಳಗಿನದೇ ಬೇಕಿತ್ತು. ಜುಲೈ 31ರ ಆದೇಶದಲ್ಲಿ, ಲಸಿಕೆ ಹಾಕಿಸಿಕೊಂಡಿದ್ದರೂ ವರದಿ ತೋರಿಸಿ ಎಂದಾಯಿತು. ಹಿಂದಿನ ತಿಂಗಳವರೆಗೆ ಲಸಿಕೆ ಹಾಕಿಸಿಕೊಳ್ಳಿ, ಓಡಾಟ ಸಲೀಸಾಗುತ್ತದೆ ಎಂದು ಹಳ್ಳಿಯ ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಒಪ್ಪಿಸಿದ್ದರು. ಮಾತು ತಪ್ಪಿದವರೆಂದು ಬೈಸಿಕೊಂಡವರೂ ಅವರೇ.

ಹೊರದೇಶದಲ್ಲಿ ಇದೇ ಕೋಪ ಬೇರೆ ಭಾಷೆಗಳಲ್ಲಿ ಕೇಳಿಸುತ್ತಿತ್ತು. ಯುರೋಪಿಯನ್ ಒಕ್ಕೂಟದ ದೇಶಗಳು 2020ರ ಅಕ್ಟೋಬರ್ 13ರಂದು ಒಂದೇ ನಕಾಶೆ, ಒಂದೇ ಬಣ್ಣದ ಲೆಕ್ಕ ಒಪ್ಪಿಕೊಂಡವು: 14 ದಿನದಲ್ಲಿ ಲಕ್ಷಕ್ಕೆ 25ಕ್ಕಿಂತ ಕಡಿಮೆ ಸೋಂಕು, ಪಾಸಿಟಿವಿಟಿ ಶೇ 4ಕ್ಕಿಂತ ಕಡಿಮೆ ಇದ್ದರೆ ಹಸಿರು. ಬಣ್ಣ ಒಂದಾದರೂ, ಆ ಬಣ್ಣಕ್ಕೆ ಏನು ಮಾಡಬೇಕೆಂಬುದು ಪ್ರತಿ ದೇಶದ ಇಷ್ಟಕ್ಕೇ ಉಳಿಯಿತು. ಬ್ರಿಟನ್ 2021ರ ಮೇ 17ರಂದು ಪೋರ್ಚುಗಲ್‌ಗೆ ಹಸಿರು ಕೊಟ್ಟು, ಜೂನ್ 8ಕ್ಕೆ ಹಿಂತೆಗೆದುಕೊಂಡಿತು. 22 ದಿನ. ಮುನ್ಸೂಚನೆ ಐದು ದಿನ. 2020ರ ಮೇ 18ರ ರಾತ್ರಿ ಹೊಸೂರಿನ ರಸ್ತೆಯಲ್ಲಿ ನಮ್ಮವರಿಗೆ ಐದು ದಿನ ಸಿಕ್ಕಿದ್ದರೆ ಎಷ್ಟೋ ಜನ ಊರು ಸೇರಿಕೊಳ್ಳುತ್ತಿದ್ದರು ಎಂದೇ ನನಗೆ ಅನ್ನಿಸುವುದು.

ಲಂಡನ್ನಿನಲ್ಲಿರುವ ಕನ್ನಡ ಕುಟುಂಬಗಳಿಗೆ ಬಂದ ಬಿಲ್ಲು ಇನ್ನೂ ದೊಡ್ಡದು. ಭಾರತ 2021ರ ಏಪ್ರಿಲ್ 23ರಿಂದ ಆಗಸ್ಟ್ 8ರವರೆಗೆ, 107 ದಿನ, ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿತ್ತು. ತಾಯಿಯ ಅಂತ್ಯಕ್ರಿಯೆಗೆಂದು ಬಂದು ಮರಳುವವರು ಹೋಟೆಲ್ ಕ್ವಾರಂಟೈನ್‌ಗೆ ಒಬ್ಬರೇ ಆದರೂ 1,750 ಪೌಂಡ್ ಕಟ್ಟಬೇಕಿತ್ತು. ಪೌಂಡಿಗೆ ನೂರು ರೂಪಾಯಿ ಹಿಡಿದರೂ 1.75 ಲಕ್ಷ. ಕೋವಿಶೀಲ್ಡ್ ಹಾಕಿಸಿಕೊಂಡವರನ್ನು ಲಸಿಕೆ ಪಡೆದವರೆಂದು ಒಪ್ಪಲು ಅಕ್ಟೋಬರ್ 11 ಆಗಬೇಕಾಯಿತು. ಅದಕ್ಕೂ ಮೊದಲು ಭಾರತ ಬ್ರಿಟನ್ನಿನಿಂದ ಬರುವ ಬ್ರಿಟಿಷ್ ಪ್ರಜೆಗಳಿಗೆ 10 ದಿನದ ಕ್ವಾರಂಟೈನ್ ಹಾಕಿ ಸೇಡು ತೀರಿಸಿತು. ಎರಡು ಸರ್ಕಾರಗಳ ಜಿದ್ದಿನ ನಡುವೆ ಸಿಕ್ಕಿಕೊಂಡದ್ದು ಎರಡೂ ಕಡೆ ಸಂಸಾರ ಇದ್ದವರು.

ಯುರೋಪು ಒಂದು ಕೆಲಸ ಸರಿಯಾಗಿ ಮಾಡಿತು. 2021ರ ಜುಲೈ 1ರಿಂದ ಲಸಿಕೆ, ಪರೀಕ್ಷೆ, ಗುಣಮುಖ ಮೂರಕ್ಕೂ ಒಂದೇ ಕ್ಯೂಆರ್ ಪತ್ರ, ಎಲ್ಲ ಸದಸ್ಯ ದೇಶಗಳಲ್ಲೂ ಓದಬಲ್ಲದ್ದು. ಸ್ಪಂದನ, ಸೇವಾ ಸಿಂಧು, ಇ-ಪಾಸು ಮೂರೂ ಒಂದನ್ನೊಂದು ಓದಿಕೊಂಡಿದ್ದರೆ ನಂಗಲಿಯ ಕ್ಯೂ ಅರ್ಧವಾಗುತ್ತಿತ್ತು. ಆದೇಶದ ಕೆಳಗೆ ಇದು ಇಂಥ ತಾರೀಖಿನವರೆಗೆ ಬದಲಾಗದು ಎಂಬ ಒಂದು ಸಾಲು ಇದ್ದಿದ್ದರೆ ಕೂಲಿಯವನು ಮಗಳ ಸೀಮಂತಕ್ಕೆ ದಿನ ಹಿಡಿಯುತ್ತಿದ್ದ.

ಚಿಕ್ಕಮ್ಮನ ಮಗಳು 2020ರ ಆಗಸ್ಟ್ 26ರಂದು ಬಂದಳು, ಐದು ತಿಂಗಳ ನಂತರ. ಕುರುಡುಮಲೆಗೆ ಹೋಗಿ ಕಾಯಿ ಒಡೆಸಿದೆವು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ತಿರುಮಲ ದರ್ಶನಕ್ಕೆ ಎರಡು ಡೋಸಿನ ಪ್ರಮಾಣಪತ್ರ ಅಥವಾ 72 ಗಂಟೆಯೊಳಗಿನ ವರದಿ ಬೇಕು ಎಂದು ಪ್ರಕಟಣೆ ಬಂದಾಗ ಮನೆಯವರೆಲ್ಲ ಕಾಗದ ಹುಡುಕಾಡಿದರು. ಅವಳು ಹುಡುಕಲಿಲ್ಲ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸ್ಪಂದನದ ಪ್ರಿಂಟು, ಸೇವಾ ಸಿಂಧುವಿನ ಪ್ರಿಂಟು, ಆಧಾರ್, ಲಸಿಕೆ ಪತ್ರ ಎಲ್ಲವನ್ನೂ ಮಡಿಚಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಈಗಲೂ ಆ ಕವರು ಅಲ್ಲೇ ಇದೆ. ಮುಳಬಾಗಿಲಿಗೆ ಬಸ್ಸು ಹತ್ತುವ ಮೊದಲು ಒಮ್ಮೆ ತೆಗೆದು ನೋಡಿ, ವ್ಯಾನಿಟಿ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ.