ಹೊಸ ನಾಡಿನಲ್ಲಿ ಮನೆ, ಮಕ್ಕಳಿಗೆ ಶಾಲೆ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟು ಹೊರಡುವವರಿಗೆ ಮಾತ್ರ ಅವರು ಏನನ್ನೂ ಹೇಳಿದಂತಿಲ್ಲ. ಆ ಕೊರತೆಯನ್ನು ತುಂಬಲು ಹೋಗಿ ನಾನು ಒಮ್ಮೆ ಎಡವಿದೆ. ಎಡವಿದವನ ಮಾತಿನಿಂದ ಹಿಂದೆ ಬರುವವರಿಗೆ ದಾರಿಯ ಕಲ್ಲು ಕಂಡೀತೆಂಬ ಆಸೆಯಿಂದ ಆ ಕಥೆಯನ್ನೇ ಇಂದು ಎತ್ತಿಕೊಂಡಿದ್ದೇನೆ.

ನನ್ನ ಮಗಳು, ಅಳಿಯ ಉದ್ಯೋಗನಿಮಿತ್ತ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೊರಟರು. ಮೊಮ್ಮಗಳಿಗೆ ಏಳು ವರ್ಷ, ಮೊಮ್ಮಗನಿಗೆ ನಾಲ್ಕು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಪಾಠ ಹೇಳಿದವನೆಂದು ಶಾಲೆಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂತೆನ್ನುವುದಕ್ಕಿಂತ ನಾನೇ ಮೈಮೇಲೆ ಎಳೆದುಕೊಂಡೆನೆನ್ನುವುದು ನಿಜ.

ಮೆಲ್ಬರ್ನ್ ಇರುವುದು ವಿಕ್ಟೋರಿಯ ರಾಜ್ಯದಲ್ಲಿ. ಅಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಸರ್ಕಾರಿ ಶಾಲೆಗೂ ಒಂದು ವಲಯವನ್ನು ಗೊತ್ತುಮಾಡಿದ್ದಾರೆ. ಆ ವಲಯದೊಳಗೆ ಕಾಯಂ ವಾಸವಾಗಿರುವ ಮಗುವಿಗೆ ಆ ಶಾಲೆಯಲ್ಲಿ ಸ್ಥಾನ ಖಚಿತ. ಹೊರಗಿನವರಿಗೆ ಸ್ಥಳ ಉಳಿದರೆ ಮಾತ್ರ. ನಮ್ಮಲ್ಲಿ ಮೊದಲು ಮನೆ, ಆಮೇಲೆ ಊರ ಆ ತುದಿಯ ಶಾಲೆಗೆ ಬಸ್ಸು ಎನ್ನುವ ಪದ್ಧತಿಯುಂಟಷ್ಟೆ. ಅಲ್ಲಿ ಮನೆಯ ವಿಳಾಸವೇ ಶಾಲೆಯ ಬಾಗಿಲು. ಹೀಗಾಗಿ ಹೆಸರಾಂತ ಸರ್ಕಾರಿ ಪ್ರೌಢಶಾಲೆಗಳಿರುವ ಗ್ಲೆನ್ ವೇವರ್ಲಿ, ಬಾಲ್ವಿನ್‌ನಂತಹ ಬಡಾವಣೆಗಳಲ್ಲಿ ಮನೆಗಳಿಗೆ ಬೇಡಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು.

ಇನ್ನು ಶಾಲೆಗಳನ್ನು ಅಳೆಯುವುದು ಹೇಗೆ? 2008ರಿಂದ ಆಸ್ಟ್ರೇಲಿಯದ 3, 5, 7 ಮತ್ತು 9ನೆಯ ತರಗತಿಗಳ ಮಕ್ಕಳಿಗೆ ನ್ಯಾಪ್ಲಾನ್ ಎಂಬ ರಾಷ್ಟ್ರೀಯ ಪರೀಕ್ಷೆ ನಡೆಯುತ್ತಿದೆ. ಓದು, ಬರಹ, ಭಾಷೆಯ ನಿಯಮಗಳು, ಲೆಕ್ಕ ಇವು ಅದರ ವಿಷಯಗಳು. ಶಾಲಾವಾರು ಫಲಿತಾಂಶವನ್ನು 2010ರಿಂದ 'ಮೈ ಸ್ಕೂಲ್' ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಂಕಪಟ್ಟಿ ಕಂಡರೆ ಮೇಷ್ಟರ ಕೈ ಸುಮ್ಮನಿರುವುದುಂಟೆ? ಮೈಸೂರಿನಲ್ಲಿ ಕುಳಿತು, ರೂಲು ದೊಣ್ಣೆ ಹಿಡಿದು, ನಲವತ್ತು ಶಾಲೆಗಳ ಕೋಷ್ಟಕವನ್ನೇ ಬರೆದೆ. ಮೊದಲ ಸ್ಥಾನದಲ್ಲಿದ್ದ ಶಾಲೆಯ ವಲಯದಲ್ಲಿಯೇ ಮನೆ ಹಿಡಿಯಬೇಕೆಂದು ಹಟ ಹಿಡಿದೆ. ಅವರು ಹಿಡಿದರು.

ಅಳಿಯನ ಕೆಲಸವಿದ್ದದ್ದು ನಗರದ ಪಶ್ಚಿಮದ ಅಂಚಿನಲ್ಲಿ. ನಾನು ಆರಿಸಿದ ಬಡಾವಣೆ ಪೂರ್ವದಲ್ಲಿ. ಐವತ್ತು ಲಕ್ಷಕ್ಕೂ ಮಿಕ್ಕ ಜನರಿರುವ, ಬಹುದೂರ ಹರಡಿಕೊಂಡ ಊರು ಅದು. ಹೋಗಿಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುತ್ತಿತ್ತು. ಬಾಡಿಗೆ ಸಂಬಳದ ಬಹುಭಾಗವನ್ನು ನುಂಗಿತು. ನಾಲ್ಕು ತಿಂಗಳಾದ ಮೇಲೆ ಮಗಳು ದೂರವಾಣಿಯಲ್ಲಿ ಹೇಳಿದಳು: "ಅಪ್ಪ, ಇವರು ಮನೆಗೆ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಶನಿವಾರ, ಭಾನುವಾರ ಮಾತ್ರ ಅಪ್ಪನ ಮುಖ ನೋಡುತ್ತಾರೆ." ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ನನ್ನನ್ನು ಹೆಚ್ಚಾಗಿ ಚುಚ್ಚಿತು.

ಆಗ ನನ್ನ ಕೋಷ್ಟಕವನ್ನು ಮತ್ತೆ ತೆರೆದೆ. ಅದೇ ಜಾಲತಾಣದಲ್ಲಿ, ಅಂಕಗಳ ಪಕ್ಕದಲ್ಲಿಯೇ, ಇನ್ನೊಂದು ಸೂಚ್ಯಂಕವಿರುತ್ತದೆ. ತಂದೆತಾಯಿಗಳ ವಿದ್ಯೆ, ಉದ್ಯೋಗ, ಶಾಲೆಯಿರುವ ಸ್ಥಳ ಮುಂತಾದವುಗಳಿಂದ ಅದನ್ನು ಕಟ್ಟಿದ್ದಾರೆ. ಅದರ ಸರಾಸರಿ 1000. ನಾನು ಮೇಲೆ ಬರೆದ ಶಾಲೆಗಳೆಲ್ಲವೂ ಈ ಸೂಚ್ಯಂಕದಲ್ಲಿಯೂ ಮೇಲೆಯೇ ಇದ್ದವು. ಎಂದರೆ ನಾನು ಅಳೆದದ್ದು ಶಾಲೆಯ ಪಾಠವನ್ನು ಮಾತ್ರವಲ್ಲ, ಆ ಬಡಾವಣೆಯ ತಾಯ್ತಂದೆಯರನ್ನು ಕೂಡ. ನನ್ನ ತರಗತಿಯಲ್ಲಿ ಮೊದಲ ದರ್ಜೆ ಪಡೆದವರಲ್ಲಿ ಅನೇಕರು ಮನೆಯಲ್ಲಿ ಪುಸ್ತಕದ ಬೀರು ಕಂಡು ಬೆಳೆದವರು; ಅವರ ಯಶಸ್ಸಿನಲ್ಲಿ ನನ್ನ ಪಾಲೆಷ್ಟೆಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಹೋಲಿಸುವುದೇ ಆದರೆ ಸಮಾನ ಹಿನ್ನೆಲೆಯ ಶಾಲೆಗಳನ್ನು ಹೋಲಿಸಬೇಕು. ಒಂದೇ ಶಾಲೆಯ ಮಕ್ಕಳು 3ನೆಯ ತರಗತಿಯಿಂದ 5ಕ್ಕೆ ಎಷ್ಟು ಮುಂದುವರಿದರೆಂದು ನೋಡಬೇಕು. ಅದನ್ನೂ ಆ ತಾಣ ತೋರಿಸುತ್ತದೆ. ನಾನೇ ನೋಡಿರಲಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮಗುವಿನ ಒಂದು ದಿನವನ್ನು. ಅಲ್ಲಿನ ಪ್ರಾಥಮಿಕ ಶಾಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರಂಭವಾಗಿ ಮೂರುವರೆಯ ಸುಮಾರಿಗೆ ಬಿಡುತ್ತದೆ. ಮನೆಯಲ್ಲಿ ಅಜ್ಜಿ ತಾತ ಇಲ್ಲ. ಮೂರುವರೆಗೆ ಮಗುವನ್ನು ಕರೆತರುವವರು ಯಾರು? ಶಾಲೆಯ ಹೊತ್ತು ಕಳೆದ ಮೇಲೆ ನೋಡಿಕೊಳ್ಳುವ ವ್ಯವಸ್ಥೆ ಅನೇಕ ಕಡೆ ಉಂಟು. ಅದಕ್ಕೆ ಬೇರೆ ಹಣ ತೆರಬೇಕು. ಶಾಲೆಗೆ ನಡೆದು ಹೋಗಬಹುದೆ? ಚಿಕ್ಕವನ ಶಿಶುವಿಹಾರ ಅದೇ ದಾರಿಯಲ್ಲಿದೆಯೆ? ತಂದೆಯೋ ತಾಯಿಯೋ ಕತ್ತಲಾಗುವ ಮುನ್ನ ಮನೆ ಸೇರಬಹುದೆ? ಈ ಪ್ರಶ್ನೆಗಳಿಗೆ ನನ್ನ ಕೋಷ್ಟಕದಲ್ಲಿ ಒಂದು ಅಂಕಣವೂ ಇರಲಿಲ್ಲ.

ಕಾಲದ ಲೆಕ್ಕವೂ ಬೇರೆ. ಅಲ್ಲಿ ಶಾಲೆಯ ವರ್ಷ ಜನವರಿಯ ಕೊನೆಗೆ ತೊಡಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ನಮ್ಮ ಜೂನಿನಲ್ಲಿ ಹೋದ ಮಗು ಅವರ ವರ್ಷದ ನಡುವಿಗೆ ಹೋಗಿ ನಿಲ್ಲುತ್ತದೆ. ಒಂದನೆಯ ತರಗತಿಗೂ ಹಿಂದಿನ ಮೊದಲ ವರ್ಷಕ್ಕೆ ಸೇರಲು ಆ ವರ್ಷದ ಏಪ್ರಿಲ್ 30ರೊಳಗೆ ಐದು ತುಂಬಬೇಕು. ಶಿಶುವಿಹಾರಕ್ಕೆ ಲಸಿಕೆಯ ದಾಖಲೆ ಕಡ್ಡಾಯ. ಇಲ್ಲಿಯ ಲಸಿಕೆಯ ಚೀಟಿಗಳನ್ನು ಜೋಪಾನವಾಗಿ ಒಯ್ಯಬೇಕು. ತಾತ್ಕಾಲಿಕ ವೀಸಾದವರು ಸರ್ಕಾರಿ ಶಾಲೆಗೆ ಶುಲ್ಕ ಕೊಡಬೇಕೆ ಎಂಬುದು ವೀಸಾದ ಬಗೆಯನ್ನೂ ರಾಜ್ಯವನ್ನೂ ಅವಲಂಬಿಸಿದೆ. ಹೊರಡುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಪ್ರೌಢಶಾಲೆಯ ಚಿಂತೆಯನ್ನು ಏಳು ವರ್ಷದ ಮಗುವಿನ ತಲೆಗೆ ಕಟ್ಟಬೇಕಾಗಿಲ್ಲ. ಅದು 7ನೆಯ ತರಗತಿಗೆ ಆರಂಭವಾಗುತ್ತದೆ. ಅದರ ವಲಯವೂ ಬೇರೆ. ವಿಕ್ಟೋರಿಯದ ನಾಲ್ಕು ಸರ್ಕಾರಿ ಶಾಲೆಗಳಂತೂ 9ನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಅವುಗಳಿಗೆ ವಲಯದ ಕಟ್ಟಿಲ್ಲ. ಆದ್ದರಿಂದ ಮೊದಲ ವರ್ಷ ಬಾಡಿಗೆಯ ಮನೆಯೇ ಲೇಸು. ಮೊದಲು ಕೆಲಸದ ಸ್ಥಳ ಗೊತ್ತಾಗಲಿ. ಅಲ್ಲಿಂದ ಸಹಿಸಬಹುದಾದ ದೂರದಲ್ಲಿ ಎರಡು ಮೂರು ಬಡಾವಣೆಗಳನ್ನು ಗುರುತಿಸಿ, ಶಾಲೆ ಬಿಡುವ ಹೊತ್ತಿಗೆ ಆ ಬೀದಿಗಳಲ್ಲಿ ಒಮ್ಮೆ ನಡೆದು ಬರಲಿ. ಮಕ್ಕಳು ಹೊರಬರುವ ರೀತಿಯಲ್ಲಿಯೇ ಶಾಲೆಯ ಗುಣ ಅರ್ಧ ತಿಳಿಯುತ್ತದೆ.

ಗುತ್ತಿಗೆಯ ವರ್ಷ ಮುಗಿದೊಡನೆ ನನ್ನವರು ಪಶ್ಚಿಮಕ್ಕೆ ಮನೆ ಬದಲಿಸಿದರು. ಟಾರ್ನೀಟ್, ಪಾಯಿಂಟ್ ಕುಕ್ ಮೊದಲಾದ ಆ ಕಡೆಯ ಬಡಾವಣೆಗಳಲ್ಲಿ ಭಾರತೀಯರು ಬಹಳ. ನಮ್ಮವರ ನಡುವೆಯೇ ಇದ್ದರೆ ಮಕ್ಕಳು ಆ ನಾಡಿಗೆ ಹೊಂದಿಕೊಳ್ಳುವುದೆಂತು ಎಂದು ನಾನು ಮತ್ತೆ ಆಕ್ಷೇಪವೆತ್ತಿದೆ. ಆ ಭಯವೂ ಸುಳ್ಳಾಯಿತು. ತರಗತಿಯಲ್ಲಿ ಹಲವು ದೇಶಗಳ ಮಕ್ಕಳಿದ್ದಾರೆ. ವಾರಾಂತ್ಯದಲ್ಲಿ ಕನ್ನಡಿಗರು ಸೇರಿ ನಡೆಸುವ ಕನ್ನಡ ಪಾಠಕ್ಕೆ ಮೊಮ್ಮಗಳು ಹೋಗುತ್ತಾಳೆ. ಅಳಿಯ ಆರು ಗಂಟೆಗೆ ಮನೆಯಲ್ಲಿರುತ್ತಾನೆ.

ಹೊಸ ಶಾಲೆ ನನ್ನ ಕೋಷ್ಟಕದಲ್ಲಿ ಮೂವತ್ತೊಂದನೆಯದು. ಮೊನ್ನೆ ಮೊಮ್ಮಗಳನ್ನು ಶಾಲೆ ಹೇಗಿದೆಯೆಂದು ಕೇಳಿದೆ. ಶಾಲೆಯ ವಿಷಯ ಬಿಟ್ಟು, ದಾರಿಯಲ್ಲಿ ಜೊತೆಗೆ ನಡೆಯುವ ಮೂವರು ಗೆಳತಿಯರ ಹೆಸರು ಹೇಳಿದಳು. ನಾನು ಮುಂದೆ ಏನನ್ನೂ ಕೇಳಲಿಲ್ಲ.